ಉಣ್ಣದ ಹೊತ್ತಿನ ಹಿಟ್ಟು

ರೆಬೆಕ್ಕಳ ಮುಷ್ಟಿ ದೇವರ ಮಡಕೆಯ ಮೇಲೆ ಬಂದು ನಿಂತಿತು. ಮುಷ್ಟಿಯಲ್ಲಿ ರಾಗಿ ಹಿಟ್ಟಿತ್ತು. ಉಪವಾಸ ಹಿಡಿದವರು ತಾವು ಉಣ್ಣದ ಹೊತ್ತಿನ ಹಿಟ್ಟನ್ನು ದೇವಾಲಯಕ್ಕೆಂದು ಆ ಮಡಕೆಗೆ ಹಾಕುವುದು ಹುಣಸೂರಿನ ಆ ಕ್ರೈಸ್ತರ ಕೇರಿಯ ರೂಢಿ. ಇನ್‌ಫ್ಲುಯೆಂಜಾ ಜ್ವರದಲ್ಲಿ ಮಗ ಇಸಾಕ್ ಮಲಗಿದಂದಿನಿಂದ ಅವಳು ತಪ್ಪದೆ ಹಾಕಿದ್ದಳು. "ಅವನೂ ನಿನ್ನವನೇ, ನಾನೂ ನಿನ್ನವಳೇ, ನಿನ್ನ ಚಿತ್ತ ಸ್ವಾಮಿ" ಎಂಬುದೇ ಅವಳ ಪ್ರಾರ್ಥನೆ. ಇವತ್ತು ಬೆಳಿಗ್ಗೆ ಅವನನ್ನು ಮಣ್ಣು ಮಾಡಿದ್ದರು.

"ಉಪಾಸ ಬುಡವ್ವ, ಒಂದು ತುತ್ತು ಉಣ್ಣು" ಎಂದಳು ತಾಯಿ ವೀರಮ್ಮ. ಮಗಳು ಸ್ನಾನದೀಕ್ಷೆ ಪಡೆದು ಕ್ರೈಸ್ತಳಾದ ಮೇಲೆ ಈ ಹೊಸಿಲು ತುಳಿಯದಿದ್ದ ಅವಳು, ಹಣೆಯ ವಿಭೂತಿಯೊಡನೆ ರಾವಂದೂರಿನಿಂದ ಸಾವಿಗೆಂದು ಬಂದಿದ್ದಳು.

"ಮಗನಿಗೋಸ್ಕರ ಇಡ್ದಿದ್ದ ಉಪಾಸ ಅಲ್ಲ ಕಣವ್ವ ಇದು. ನನ್ನನ್ನೇ ದೇವ್ರಿಗೆ ಕೊಟ್ಕೊಂಡಿವ್ನಿ."

ವೀರಮ್ಮ ಮಗಳ ಮುಖವನ್ನೇ ನೋಡಿದಳು. ಆಮೇಲೆ ಮಡಕೆಯನ್ನು ಎತ್ತಿ, ಆ ಮುಷ್ಟಿಗೆ ತಾಗುವಂತೆ ಹಿಡಿದಳು. "ಅಂಗಾದ್ರೆ ಆಕು ಮಗಾ. ಈಗ ಆ ದೇವ್ರ ತಾವ ಕೇಳಕ್ಕೆ ಏನೂ ಉಳ್ದಿಲ್ವಲ್ಲ."

ರೆಬೆಕ್ಕ ಕೈ ಬಿಚ್ಚಲು ನೋಡಿದಳು. ತಾಯಿ ಮಡಕೆ ಹಿಡಿದೇ ನಿಂತಿದ್ದಳು. ಮುಷ್ಟಿ ಇನ್ನಷ್ಟು ಬಿಗಿಯಿತು.