ಹೊಳೆಗೆ ಅಡ್ಡ ಹೊರಟವಳು

"ನಿಲ್ಲಿಸಿ! ಯಾರಾದ್ರೂ ನೀರು ನಿಲ್ಲಿಸಿ!"

ಕಿರುಚಿ ಕಿರುಚಿ ತಾಯಿಯ ಗಂಟಲು ಕಟ್ಟಿಹೋಗಿತ್ತು. ಜಲಪಾತದ ಬುಡದಲ್ಲಿ ಅವಳ ಮಗಳ ಕಾಲು ಎರಡು ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಇನ್ನೂ ಹಾಲುಹಲ್ಲು ಬೀಳದ ಹುಡುಗಿ. ಗಂಡ ಮಗುವಿನ ಮೇಲೆ ಬಾಗಿ, ತನ್ನ ಬೆನ್ನನ್ನೇ ಸೂರು ಮಾಡಿ ನಿಂತಿದ್ದ. ಮೇಲಿನಿಂದ ಬೀಳುವ ನೀರು ಆ ಬೆನ್ನಿಗೆ ಗುದ್ದುತ್ತಿತ್ತು. ಅವನು ಕುಸಿದರೆ ಅಷ್ಟೂ ನೀರು ಮಗುವಿನ ಮುಖಕ್ಕೆ. ಆಗಲೇ ಅವನ ಮೊಣಕಾಲು ನಡುಗುತ್ತಿತ್ತು.

ಬೆಳಿಗ್ಗೆ ಬಂದಾಗ ಎಷ್ಟು ಸಂಭ್ರಮ! ಒಳಗೆ ಹೋಗಲು ಒಂದು ಟಿಕೆಟ್, ನೀರಿಗಿಳಿಯಲು ಇನ್ನೊಂದು, ನೀರಿನ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳಲು ಮತ್ತೊಂದು. ಪುಣ್ಯಕ್ಕೆ ಉಸಿರಾಡುವುದಕ್ಕೆ ಟಿಕೆಟ್ ಇರಲಿಲ್ಲ. ಮೆಟ್ಟಿಲ ಎರಡೂ ಬದಿಗೆ ಐಸ್‌ಕ್ರೀಮಿನ, ಗೊಂಬೆಯ, ಪ್ಲಾಸ್ಟಿಕ್ ಮಳೆಕೋಟಿನ ಅಂಗಡಿಗಳು. ಕೊಳದ ಮೇಲೆ ಗಾಜಿನ ಸೇತುವೆ. ಹಕ್ಕಿಗಳೆಲ್ಲ ಓಡಿಹೋಗಿದ್ದವೋ ಏನೋ, ಮೈಕಿನಲ್ಲಿ ಅವುಗಳ ಕೂಗಿನ ರೆಕಾರ್ಡು ಹಾಕಿದ್ದರು. ದಾರಿಯುದ್ದಕ್ಕೂ ಗುಡ್ಡಗಳು ಬಿಸಿಲಿಗೆ ಬೋಳಾಗಿದ್ದವು, ಇಲ್ಲಿ ಮಾತ್ರ ನೀರು ಭೋರೆಂದು ಸುರಿಯುತ್ತಿತ್ತು.

"ನೋಡೇ, ದೇವರು ಕೊಟ್ರೆ ಹೀಗೆ ಕೊಡಬೇಕು," ಎಂದಿದ್ದ ಗಂಡ.

ಟಿಕೆಟ್ ಹರಿಯುವವಳು ಕಿಸಕ್ಕೆಂದು ನಕ್ಕಿದ್ದಳು. "ಸಂಜೆ ಗೇಟು ಹಾಕೋದ್ರೊಳಗೆ ನೋಡ್ಕೊಂಡ್ಬಿಡಿ ಅಣ್ಣ. ಆಮೇಲೆ ನೋಡೋಕೆ ಏನೂ ಇರಲ್ಲ."

ಈಗ ಕಾವಲುಗಾರರು ಹಾರೆ ತಂದರು, ಹಗ್ಗ ತಂದರು. ಬಂಡೆಯನ್ನು ಒಂದಿಷ್ಟು ಮೀಟಿದರೆ ಸಾಕು, ಕಾಲು ಬಿಟ್ಟುಕೊಳ್ಳುತ್ತಿತ್ತು. ಆದರೆ ಮೀಟಲು ನಿಲ್ಲಬೇಕಲ್ಲ! ಮೊದಲನೆಯವನು ನೀರಿನ ಏಟಿಗೆ ಹಾರೆ ಸಮೇತ ಉರುಳಿದ. ಎರಡನೆಯವನು ಕಾಲೂರಲಾಗದೆ ವಾಪಸು ಬಂದ. ದಡದ ತುಂಬ ಜನ ಮೊಬೈಲು ಎತ್ತಿ ಹಿಡಿದು "ಅಯ್ಯೋ ಪಾಪ" ಎನ್ನುತ್ತಿದ್ದರು. ಅಗ್ನಿಶಾಮಕದವರು ಪೇಟೆಯಿಂದ ಹೊರಟಿದ್ದಾರಂತೆ. ಅವರು ಬರುವವರೆಗೆ ಗಂಡನ ಬೆನ್ನು ತಡೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಮ್ಯಾನೇಜರ್ ಸಾವಕಾಶವಾಗಿ ನಡೆದು ಬಂದ. ಅವಳು ಅವನ ಕಾಲು ಹಿಡಿದಳು.

"ಏನಾದ್ರೂ ಮಾಡಿ ಸಾರ್. ಒಂದು ನಿಮಿಷ ನೀರು ನಿಂತ್ರೆ ಸಾಕು. ಒಬ್ಬಳೇ ಮಗಳು ಸಾರ್."

"ಏಳಮ್ಮ, ಏಳಿ. ಜಲಪಾತ ಇದು. ನಲ್ಲಿ ತಿರುಗಿಸಿದ ಹಾಗೆ ನಿಲ್ಲಿಸೋಕಾಗುತ್ತಾ?"

ಹೇಳುವಾಗ ಅವನ ಮುಖ ಬಿಳಿಚಿಕೊಂಡಿತ್ತು. ಜೇಬಿನಿಂದ ಫೋನು ತೆಗೆದ. ದಡದ ಜನರನ್ನು ನೋಡಿದ, ಅವರು ಎತ್ತಿದ ಮೊಬೈಲುಗಳನ್ನು ನೋಡಿದ. ಫೋನನ್ನು ಮತ್ತೆ ಜೇಬಿಗಿಳಿಸಿದ.

"ದೇವರ ಮೇಲೆ ಭಾರ ಹಾಕಿ," ಎಂದ.

ಭಾರವನ್ನೆಲ್ಲ ಗಂಡ ಬೆನ್ನ ಮೇಲೆ ಹೊತ್ತು ನಿಂತಿದ್ದ. ಅವಳ ಕಣ್ಣೆದುರೇ ಅವನ ಒಂದು ಮೊಣಕಾಲು ಮಡಚಿ ನೆಲಕ್ಕೂರಿತು. ನೀರಿನ ಸದ್ದಿನಲ್ಲಿ ಮಗಳ ಬಾಯಿ ತೆರೆದದ್ದು ಕಂಡಿತು, ಕೂಗು ಕೇಳಿಸಲಿಲ್ಲ.

ಅವಳಿಗೆ ಹೊಳೆದದ್ದು ಒಂದೇ. ನೀರು ಮೇಲಿನಿಂದ ಬರುತ್ತಿದೆ, ಮೇಲೆ ಹೊಳೆ ಇರಬೇಕು. ಇದು ಬಿರುಬೇಸಿಗೆ, ಹೊಳೆ ಎಷ್ಟು ದೊಡ್ಡದಿದ್ದೀತು? ಚಿಕ್ಕಂದಿನಲ್ಲಿ ಕಲ್ಲು ಮಣ್ಣು ಒಟ್ಟಿ ಕಾಲುವೆಗಳನ್ನು ತಿರುಗಿಸಿದವಳು ಅವಳು. ಕಲ್ಲು ಸಾಲದಿದ್ದರೆ ತಾನೇ ಅಡ್ಡ ಮಲಗಿದರಾಯಿತು. ಹುಚ್ಚು ಯೋಚನೆ ಎಂದು ಅವಳಿಗೂ ಗೊತ್ತಿತ್ತು. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ.

"ಹೊಳೆಗೆ ಅಡ್ಡ ಹಾಕ್ತೀನಿ!" ಎಂದು ಕೂಗುತ್ತಾ ಮೆಟ್ಟಿಲು ಹತ್ತಿ ಓಡಿದಳು.

"ಪಾಪ, ತಲೆ ಕೆಟ್ಟಿದೆ," ಎಂದಿತು ಜನ.

"ಹಿಡೀರಿ ಅವಳನ್ನ! ಮೇಲೆ ಹೋಗೋಕೆ ಬಿಡಬೇಡಿ!" ಎಂದ ಮ್ಯಾನೇಜರ್. ಮಗು ಸಿಕ್ಕಿಬಿದ್ದಿದೆ ಎಂದಾಗ ನಡೆದು ಬಂದವನು ಈಗ ಬಿದ್ದಂಬೀಳ ಓಡಿ ಬರುತ್ತಿದ್ದ.

ಅಂಗಡಿಗಳು ಮುಗಿದಲ್ಲಿ ಕಬ್ಬಿಣದ ಗೇಟು. 'ಅಪಾಯ. ಹೊಳೆಯ ಸೆಳೆತವಿದೆ. ಪ್ರವೇಶವಿಲ್ಲ' ಎಂಬ ಬೋರ್ಡು. ಅವಳು ಗೇಟು ಹತ್ತುವಾಗ ಕಾವಲುಗಾರನೊಬ್ಬ ತೋಳು ಹಿಡಿದ.

"ಬೇಡ ಅಕ್ಕಾ! ಕೊಚ್ಕೊಂಡು ಹೋಗ್ತೀರ!"

"ಹೋದ್ರೆ ಹೋಗ್ಲಿ, ಬಿಡೋ!"

ಕೊಸರಿದಳು. ರವಿಕೆಯ ತೋಳು ಹರಿದು ಅವನ ಕೈಯಲ್ಲೇ ಉಳಿಯಿತು. ಆಚೆ ಬಿದ್ದವಳು ಎದ್ದು, ಅಲ್ಲೇ ಇದ್ದ ದಪ್ಪ ಕಲ್ಲೊಂದನ್ನು ಕೂಸಿನಂತೆ ಎದೆಗವಚಿಕೊಂಡಳು. ಮುಳ್ಳು ಮೈಯೆಲ್ಲ ಗೀರಿತು. ಮೊರೆತ ಹತ್ತಿರವಾಯಿತು, ಕಾಲಡಿಯ ನೆಲ ಗುಂಯ್ಗುಟ್ಟುತ್ತಿತ್ತು. ಈಜು ಬಾರದವಳು. ದೇವರೇ, ನಾನು ಹೋದರೂ ಪರವಾಗಿಲ್ಲ, ಮಗಳು ಉಳಿಯಲಿ ಎಂದುಕೊಂಡು, ಹಾರಲು ಸಿದ್ಧಳಾಗಿ ಕೊನೆಯ ಪೊದೆಯನ್ನು ಸರಿಸಿದಳು.

ಅಲ್ಲಿ ಹೊಳೆ ಇರಲಿಲ್ಲ.

ಬಿರುಕು ಬಿಟ್ಟ ಒಣ ನೆಲ, ಅದರ ನಡುವೆ ತಗಡಿನ ಶೆಡ್ಡು. ಕೆಳಗಿನ ಕೊಳದಿಂದ ಹತ್ತಿ ಬಂದ ದೈತ್ಯ ಕೊಳವೆಗಳು ಬಂಡೆಯಂಚಿನಲ್ಲಿ ನೀರು ಕಕ್ಕುತ್ತಿದ್ದವು. ಶೆಡ್ಡಿನೊಳಗೆ, ಮೊರೆಯುವ ಪಂಪುಗಳ ಪಕ್ಕ, ಕಿವಿಗೆ ಹತ್ತಿ ತುರುಕಿಕೊಂಡು ಪೇಪರ್ ಓದುತ್ತಿದ್ದವನು ತಲೆಯೆತ್ತಿದ.

"ಯಾಕಮ್ಮ, ಇವತ್ತು ಬೇಗ ಆಫ್ ಮಾಡ್ಬೇಕಂತಾ?"

ಅವಳು ಕಲ್ಲು ಬಿಸಾಡಿ, ಗೋಡೆಯ ಕೆಂಪು ಹಿಡಿಕೆಯನ್ನು ಎರಡೂ ಕೈಯಿಂದ ಕೆಳಗೆಳೆದಳು; ಜಲಪಾತ ನಿಂತಿತು, ಕೆಳಗಿನಿಂದ ಮಗಳು ಅಳುವುದು ಕೇಳಿಸಿತು.