ಸೊಸೆಯ ನಾಲಿಗೆ

ಬೀಗರೂಟದ ದಿನ ಅತ್ತೆಯಾದವಳು ಸೊಸೆಯ ನಾಲಿಗೆ ಹಾಕಿಕೊಂಡು ಉಣ್ಣುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಹುಡುಗಿಯ ಬಾಯಿಗೆ ಊಟ ಹೇಗೆ ರುಚಿಸುತ್ತದೆ, ಉಪ್ಪೆಷ್ಟು, ಖಾರವೆಷ್ಟು ಬೇಕೆಂದು ಅತ್ತೆಗೆ ತಿಳಿಯಲಿ ಎಂಬ ಒಳ್ಳೆಯ ಉದ್ದೇಶ. ಹೇಮಾವತಿಗೆ ಮಾತ್ರ ಬೆಳಗಿನಿಂದ ಕೈ ತಣ್ಣಗಾಗಿತ್ತು. ಹುರಿದ ಅವಲಕ್ಕಿ ಬಿಟ್ಟರೆ ಬೇರೇನೂ ಅವಳ ಗಂಟಲಲ್ಲಿ ಇಳಿಯುವುದಿಲ್ಲ ಎಂಬುದನ್ನು ತವರಿನವರು ಮುಚ್ಚಿಟ್ಟೇ ಮದುವೆ ಮಾಡಿದ್ದರು.

“ಬಂದಾಗಿಂದ ನೋಡ್ತಿದ್ದೀನಿ, ತಟ್ಟೆ ಮುಂದೆ ಶಾಸ್ತ್ರ ಮಾಡ್ತೀಯ. ಕೊಬ್ಬು ಕಣಮ್ಮ ಇದು. ಎರಡು ಹೊತ್ತು ಉಪವಾಸ ಕೆಡವಿದ್ರೆ ಎಲ್ಲಾ ತಿಂತೀಯ,” ಎಂದ ಅತ್ತೆ ಪುಟ್ಟತಾಯಮ್ಮ, ಸೊಸೆಯ ನಾಲಿಗೆಯ ಅಚ್ಚು ಹೊತ್ತ ತೆಳುಪೊರೆಯನ್ನು ತಮ್ಮ ನಾಲಿಗೆಗೆ ಅಂಟಿಸಿಕೊಂಡು, ಮುದ್ದೆ ಮುರಿದು ಸಾರಿಗದ್ದಿ ಬಾಯಿಗಿಟ್ಟರು.

ಕೈ ಅಲ್ಲೇ ನಿಂತಿತು. ಬಾಯೊಳಗೆ ಜೀವವಿರುವುದೇನೋ ಹೊರಳಿದಂತೆ ಹಣೆ ಬೆವರಿತು. ಉಗುಳೋಣವೆಂದರೆ ಎದುರಿಗೆ ಬೀಗರ ಸಾಲು, ಎಲ್ಲರ ಕಣ್ಣೂ ಇವರ ದವಡೆಯ ಮೇಲೆ.

“ಸೆರಗಿಗೆ ಉಗುಳಿಬಿಡಿ ಅತ್ತೆ,” ಹೇಮಾವತಿ ಪಿಸುಗುಟ್ಟಿದಳು. “ನಾನು ದಿನಾ ಹಾಗೇ ಮಾಡೋದು.”

ಉಗುಳಿದರು. ಪೊರೆ ಬಿಡುವುದು ಇನ್ನು ಸಂಜೆಗೇ.

“ಅವಲಕ್ಕಿ ಇದೆಯಾ?”

ಸೊಸೆ ಮಡಿಲಿನಿಂದ ಒಂದು ಹಿಡಿ ತೆಗೆಯುವಷ್ಟರಲ್ಲಿ ಸಾಲಿನ ತುದಿಯಲ್ಲಿ ಪಾಯಸದ ಬಕೆಟ್ಟು ಕಾಣಿಸಿತು. ಪುಟ್ಟತಾಯಮ್ಮ ಎಲೆಯ ಮರೆಯಲ್ಲಿ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಈಗ ಇಬ್ಬರ ಕೈಯೂ ತಣ್ಣಗಿತ್ತು.