ನಾಲ್ಕು ನಿಮಿಷದ ಪ್ಯಾಕೆಟ್

ಪ್ಯಾಕೆಟ್ ಹಂಚುವವರ ಯೂನಿಯನ್ ಮುಖಂಡ ಮರೆಪ್ಪ ಕರಾರುಪತ್ರವನ್ನು ಮೇಜಿನ ಮೇಲೇ ಹಿಂದಕ್ಕೆ ಸರಿಸಿದ. "ಉಳಿದದ್ದಕ್ಕೆಲ್ಲ ನಮ್ಮ ಯೂನಿಯನ್ ಸಹಿ ಬಿತ್ತು ಅಂತ ತಿಳೀರಿ ಸಾಹೇಬ್ರ. ಈ 'ಪ್ಯಾಕೆಟ್ಟಿಗೆ ನಾಲ್ಕು ನಿಮಿಷ' ಅನ್ನೋ ಸಾಲು ಮಾತ್ರ ಹೋಗಬೇಕು."

ಕೊರಿಯರ್ ಕಂಪನಿಯ ಮಲಾಡ್ ಶಾಖೆಯ ಮ್ಯಾನೇಜರ್ ಸತ್ಯಮೂರ್ತಿ ನಕ್ಕರು. ಆ ಒಂದು ಸಾಲಿಗಾಗಿಯೇ ಉಳಿದ ಸಾಲುಗಳನ್ನು ಬರೆಸಿದ್ದು. ನಾಲ್ಕು ನಿಮಿಷ ಎಂದು ಒಪ್ಪಿಕೊಂಡರೆ ಹದಿನೆಂಟು ಜನರ ಕೆಲಸಕ್ಕೆ ಹನ್ನೆರಡು ಜನ ಸಾಕು. ಆರು ಮಂದಿ ನಾಳೆಯಿಂದ ಮನೆಗೆ. ಕಂಪನಿ ನಡೆಯುತ್ತಿದ್ದುದೇ ಇವರ ಕಾಲುಗಳ ಮೇಲೆ. ಆ ಕಾಲುಗಳನ್ನೇ ಅದು ಖರ್ಚು ಎಂದು ಬರೆದುಕೊಂಡಿತ್ತು.

"ನೋಡಪ್ಪಾ, ಹೆಡ್ ಆಫೀಸಿನ ಎಕ್ಸ್‌ಪರ್ಟ್ ಬಂದು ಗಡಿಯಾರ ಹಿಡಿದು ಅಳೆದಿದಾರೆ. ನಾನು ಕನಸು ಕಂಡು ಬರೆದದ್ದಲ್ಲ. ಇವತ್ತು ಐದರೊಳಗೆ ಸಹಿ ಆಗ್ಬೇಕು. ಮುಂಬಯಿ ಗಿರಣಿ ಮುಷ್ಕರ ಏನಾಯ್ತು ಅಂತ ನಿನಗೆ ನಾನು ಹೇಳ್ಬೇಕಾ?"

"ನಮ್ಮಣ್ಣ ಆ ಗಿರಣಿಯಾಗೇ ಇದ್ದರಿ. ಏಳು ವರ್ಷ ಆಯ್ತು, ಈಗ ಬೊರಿವಲಿ ಸ್ಟೇಷನ್ ಹೊರಗ ಬಾಳೆಹಣ್ಣು ಮಾರ್ತಾನ. ಅದಕ್ಕೇ ನಾವು ಸಂಪು ಅನ್ನಲಿಕತ್ತಿಲ್ಲ, ಬರ್ರಿ ಅನ್ನಲಿಕತ್ತೀವಿ. ನನ್ನ ಬ್ಯಾಗ ನೀವು ಹೊರ್ರಿ, ಗಡಿಯಾರಾನೂ ನೀವೇ ಹಿಡೀರಿ. ಒಂದೇ ಪ್ಯಾಕೆಟ್ಟು. ನಾವು ಹ್ಯಾಂಗ ಹೋಗ್ತೀವಿ ಹಂಗ ಹೋಗಿ, ನಾಲ್ಕರಾಗ ಮುಗಿಸಿದ್ರ ಅಲ್ಲೇ ಸಹಿ ಹಾಕ್ತೀನಿ."

"ಮುಗೀದಿದ್ರೆ?"

"ಆ ಸಾಲು ನೀವೇ ಹೊಡೆದು ಹಾಕ್ರಿ."

ಸತ್ಯಮೂರ್ತಿ ಮೈಸೂರಿನಲ್ಲಿ ಕಾಲೇಜಿನ ಪರವಾಗಿ ಬಾಲ್ ಬ್ಯಾಡ್ಮಿಂಟನ್ ಆಡಿದವರು. ಸವಾಲು ಎಂದರೆ ಈಗಲೂ ಮೈ ಜುಮ್ಮೆನ್ನುತ್ತಿತ್ತು. ಎದ್ದವರೇ ಹದಿನೈದು ಕಿಲೋ ಬ್ಯಾಗನ್ನು ಹೆಗಲಿಗೇರಿಸಿಕೊಂಡು ರಿಕ್ಷಾ ಹತ್ತಿದರು.

ರಿಕ್ಷಾ ನಿಂತಾಗ ತಲೆ ಹೊರಹಾಕಿ ನೋಡಿದರು. "ಇದು ನಮ್ಮ ಬಿಲ್ಡಿಂಗು ಕಣೋ."

"ನಾನು ದಿನಾ ಹಂಚೋ ಬೀಟೂ ಇದೇರಿ. ಇವತ್ತು ಬೆಂಗಳೂರಿಂದ ನಿಮ್ಮ ಮನಿಗೇ ಒಂದು ಬಂದದ."

"ಭಲೇ. ಏಳನೇ ಮಹಡಿ, ಲಿಫ್ಟಲ್ಲಿ ಒಂದೂವರೆ ನಿಮಿಷ." ಗೇಟು ದಾಟುತ್ತಲೇ ಸ್ಟಾಪ್‌ವಾಚಿನ ಗುಂಡಿ ಒತ್ತಿದರು.

ವಾಚ್‌ಮನ್ ಪರಪ್ಪ ಸಲಾಮು ಹೊಡೆದು ಲಿಫ್ಟಿನ ಬಾಗಿಲೆಳೆದ. ಮರೆಪ್ಪ ಮಾತ್ರ ಹೆಜ್ಜೆ ಕೀಳಲಿಲ್ಲ. ಲಿಫ್ಟಿನ ಪಕ್ಕದ ಬೋರ್ಡಿಗೆ ಬೆರಳು ತೋರಿಸಿದ: ಕೊರಿಯರ್‌ನವರು, ಹಾಲಿನವರು, ಮನೆಗೆಲಸದವರು ಲಿಫ್ಟ್ ಬಳಸಕೂಡದು. ಕೆಳಗೆ ಬಿಲ್ಡಿಂಗ್ ಸೊಸೈಟಿಯ ಸೆಕ್ರೆಟರಿಯ ಸಹಿ. ಎಂ. ಸತ್ಯಮೂರ್ತಿ.

ಪರಪ್ಪ ಮೇಲಿನ ಫ್ಯಾನು ನೋಡುತ್ತ ನಿಂತ.

"ನಿಮ್ಮ ಎಕ್ಸ್‌ಪರ್ಟಿನ ಕೊರಳಾಗ ಟೈ ಇತ್ತರಿ, ಹೆಗಲ ಮ್ಯಾಲ ಬ್ಯಾಗ ಇದ್ದಿದ್ದಿಲ್ಲ," ಎಂದ ಮರೆಪ್ಪ. "ಹಂಗಾಗಿ ಲಿಫ್ಟಿನಾಗ ಹೋದ್ರು."

ಸತ್ಯಮೂರ್ತಿ ಲಿಫ್ಟಿನ ಬಾಗಿಲನ್ನು ತಾವೇ ಮುಚ್ಚಿದರು. "ನಡಿ, ಹತ್ತೋಣ. ಇನ್ನೂ ಮೂರು ನಿಮಿಷದ ಮೇಲಿದೆ."

ಎರಡನೇ ಮಹಡಿಯವರೆಗೆ ಅವರ ಮಾತು ಸಾಗಿತು. ಮೂರರಲ್ಲಿ ಟೈ ಜೇಬು ಸೇರಿತು. ನಾಲ್ಕರಲ್ಲಿ ಬ್ಯಾಗು ಎಡ ಹೆಗಲಿನಿಂದ ಬಲ ಹೆಗಲಿಗೆ ಬಂತು. ಐದರ ತಿರುವಿನಲ್ಲಿ ಮರೆಪ್ಪ ನಿಂತ. "ಇಲ್ಲಿ ಉಸಿರು ತಗೊಳ್ರಿ. ನಾವೂ ಇಲ್ಲೇ ತಗೊಳ್ತೀವಿ. ಎಕ್ಸ್‌ಪರ್ಟಿನ ನಾಲ್ಕು ನಿಮಿಷದಾಗ ಈ ಉಸಿರಿನ ಲೆಕ್ಕ ಹಿಡಿದಿಲ್ಲ." ಸತ್ಯಮೂರ್ತಿ ಕಂಬಿ ಹಿಡಿದು ಬಗ್ಗಿ ನಿಂತರು.

ಏಳನೇ ಮಹಡಿಯ ಬಲ್ಬು ಸುಟ್ಟುಹೋಗಿತ್ತು. ಮರೆಪ್ಪ ಗಂಟೆ ಒತ್ತಿ, ಪಕ್ಕಕ್ಕೆ ಸರಿದು ನಿಂತ. ಬಾಗಿಲು ಒಂದು ಗೇಣು ತೆರೆಯಿತು. ಸರಪಳಿ ಹಾಗೇ ಇತ್ತು. ಸಂದಿನಿಂದ ಹಸಿರು ಬಳೆಗಳ ಕೈಯೊಂದು ಹೊರಬಂತು. ಎರಡು ವರ್ಷದಿಂದ ಮರೆಪ್ಪನಿಗೆ ಆ ಕೈ ಗೊತ್ತು, ಮುಖ ಗೊತ್ತಿಲ್ಲ.

"ಕೊರಿಯರ್? ಕಿಧರ್ ಸೈನ್ ಕರ್ನೇಕಾ?" ಸತ್ಯಮೂರ್ತಿಯವರ ಹೆಂಡತಿ ಪಂಕಜಾ ಅವರ ದನಿ.

ಸತ್ಯಮೂರ್ತಿ ಪ್ಯಾಕೆಟ್ಟು ಕೊಟ್ಟರು, ಚೀಟಿ ಚಾಚಿದರು. ಹೆಸರು ಹಿಡಿದು ಕರೆಯಲು ಬಾಯಿ ತೆರೆದರು. ಬರೀ ಏದುಸಿರು ಬಂತು. ಕೈ ಒಳಗೆ ಹೋಯಿತು, ಸಹಿ ಮಾಡಿದ ಚೀಟಿಯೊಂದಿಗೆ ಮತ್ತೆ ಬಂತು.

"ದೀವಾರ್ ಕೋ ಹಾಥ್ ಮತ್ ಲಗಾನಾ, ನಯಾ ಪೇಂಟ್ ಹೈ."

ಬಾಗಿಲು ಮುಚ್ಚಿತು. ಸತ್ಯಮೂರ್ತಿ ಹೊಸ ಬಣ್ಣದ ಗೋಡೆಯಿಂದ ಕೈ ತೆಗೆದರು. ಬೆವರಿನ ಐದು ಬೆರಳು ಅಲ್ಲೇ ಉಳಿದವು. ಆಮೇಲೆ ಗಡಿಯಾರವನ್ನು ಕಣ್ಣಿನ ಹತ್ತಿರ ತಂದರು. ಏಳು ನಿಮಿಷ ದಾಟಿತ್ತು. ಹೆಬ್ಬೆರಳು ಗುಂಡಿಯ ಮೇಲೆ ಹೋಯಿತು.

"ನಿಲ್ಲಿಸಬ್ಯಾಡ್ರಿ ಸಾಹೇಬ್ರ," ಎಂದ ಮರೆಪ್ಪ, ಮೊದಲ ಮೆಟ್ಟಿಲಿಗೆ ಕಾಲಿಡುತ್ತ. "ಇನ್ನ ಇಳಿಯೋದದ."